ರಾಕ್ ಕಾನ್ಸರ್ಟಿಗೆ ಬೆಳಗಾವಿಯಿಂದ ಹೊರಡುವವರಿಗೆ

ಬೆಳಗಾವಿಯವರ ಕಿವಿಗೆ ದೊಡ್ಡ ಸದ್ದು ಹೊಸದಲ್ಲ. ಅನಂತ ಚತುರ್ದಶಿಯ ರಾತ್ರಿ ಢೋಲ್-ತಾಷಾ ಪಥಕಗಳ ಹಿಂದೆ ನಡೆದು, ಎದೆಯೊಳಗೆ ಬಡಿಯುವ ಪೆಟ್ಟಿಗೆ ಹೆಜ್ಜೆ ಹಾಕಿ, ಕಪಿಲೇಶ್ವರದ ಹೊಂಡದಲ್ಲಿ ಗಣಪತಿ ಮುಳುಗಿದ ಮೇಲೆಯೇ ಮನೆಗೆ ಬರುವವರು ನಾವು. ಬಹುಶಃ ಅದೇ ಕಾರಣಕ್ಕೆ ನಮ್ಮೂರಿನ ಹುಡುಗ ಹುಡುಗಿಯರು ರಾಕ್ ಕಾನ್ಸರ್ಟನ್ನೂ ಇನ್ನೊಂದು ಮೆರವಣಿಗೆ ಎಂದೇ ಎಣಿಸುತ್ತಾರೆ. ಟಿಕೆಟ್ ಕೈಗೆ ಬಂದರೆ ಉಳಿದದ್ದೆಲ್ಲ ತಾನಾಗಿಯೇ ನಡೆಯುತ್ತದೆಂದು ಸುಮ್ಮನಿರುತ್ತಾರೆ. ನಾನೂ ಹಾಗೆಯೇ ಇದ್ದೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ತಂಡ ನುಡಿಸಿದಾಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಅಣ್ಣನ ಜೊತೆ ಹೋಗಿ, ಮಧ್ಯಾಹ್ನದಿಂದ ನಿಂತು, ಜನರ ನಡುವೆ ನುಸುಳುತ್ತ ಸಾಧ್ಯವಾದಷ್ಟು ಮುಂದಕ್ಕೆ ಸೇರಿಕೊಂಡೆ. ಹತ್ತು ವರ್ಷ ಕನಸಿನಲ್ಲಿ ಕಂಡಿದ್ದ ಮುಖಗಳು ಕಣ್ಣೆದುರಿಗೇ ಇದ್ದವು. ಆದರೆ ನನಗೆ ಕೇಳಿಸಿದ್ದು ಡ್ರಮ್ಮಿನ ಪೆಟ್ಟು ಮತ್ತು ಹಿಂದಿದ್ದವನ ಕೂಗು ಮಾತ್ರ. ಹಾಡಿನ ಸಾಲುಗಳನ್ನು ನೆನಪಿನಿಂದಲೇ ತುಂಬಿಕೊಳ್ಳಬೇಕಾಯಿತು. ಊರಿಗೆ ಬಂದ ಮೇಲೆ ಮೂರು ದಿನ ಕಿವಿಯಲ್ಲಿ ಜೀರುಂಡೆ ಕೂಗುತ್ತಿತ್ತು.

ಅಲ್ಲಿಂದೀಚೆಗೆ ಬೆಂಗಳೂರು, ಪುಣೆ, ಮುಂಬೈಗಳಿಗೆ ಹೋಗಿಬಂದು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಐನೂರು ಕಿಲೋಮೀಟರ್ ದೂರ ಹೋಗಿ, ಆರೇಳು ಗಂಟೆ ನಿಂತು, ಎರಡು ಗಂಟೆ ಸಂಗೀತ ಕೇಳುವ ಈ ಕೆಲಸದಲ್ಲಿ ಅಭಿಮಾನ ಎಷ್ಟಿದೆ ಎಂಬುದಕ್ಕಿಂತ ಕಾಲು, ಕಿವಿ, ನೀರು ಮತ್ತು ನಿಲ್ಲುವ ಜಾಗ ಹೆಚ್ಚು ಮುಖ್ಯವಾಗುತ್ತವೆ.

ಊರು ಮತ್ತು ದಾರಿ

ಕನ್ನಡಿಗರಾದ್ದರಿಂದ ಕಾನ್ಸರ್ಟ್ ಎಂದೊಡನೆ ಬೆಂಗಳೂರಿನತ್ತ ನೋಡುವುದು ನಮಗೆ ಸಹಜ. ಆದರೆ ಬೆಳಗಾವಿಯಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್ ದೂರವಿದ್ದರೆ, ಕೊಲ್ಹಾಪುರ ಮತ್ತು ಸಾತಾರಾ ದಾಟಿ ಪುಣೆ ಸೇರಲು ಸುಮಾರು 340 ಕಿಲೋಮೀಟರ್ ಸಾಕು. ಎರಡೂ ಊರು ಒಂದೇ 48ನೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಆದ್ದರಿಂದ ಒಂದೇ ತಂಡ ಎರಡು ಊರುಗಳಲ್ಲಿ ನುಡಿಸುತ್ತಿದ್ದರೆ ನಕ್ಷೆ ನೋಡಿ ಆರಿಸಿಕೊಳ್ಳಿ. ಗೋವಾದ ಕಾರ್ಯಕ್ರಮಗಳಿಗೆ ಚೋರ್ಲಾ ಘಾಟಿನ ದಾರಿ ಇದೆಯಾದರೂ, ಮಳೆಗಾಲದಲ್ಲಿ ಕಾರ್ಯಕ್ರಮ ಮುಗಿಸಿಕೊಂಡು ರಾತ್ರಿಯೇ ಆ ಘಾಟ್ ಹತ್ತುವ ಆಲೋಚನೆಯನ್ನು ಯಾರೂ ಮಾಡಬಾರದು.

ಕಾನ್ಸರ್ಟಿನ ಟಿಕೆಟ್ ಹಲವು ತಿಂಗಳು ಮೊದಲೇ ಮಾರಾಟವಾಗುತ್ತದೆ. ರೈಲಿನ ಮುಂಗಡ ಕಾಯ್ದಿರಿಸುವಿಕೆ ಮಾತ್ರ 2024ರ ನವೆಂಬರ್‌ನಿಂದ 60 ದಿನ ಮೊದಲಷ್ಟೇ ತೆರೆಯುತ್ತಿದೆ. ಈ ಎರಡರ ನಡುವಿನ ಅವಧಿಯಲ್ಲಿ ಮರೆತುಬಿಡುವವರೇ ಹೆಚ್ಚು. ಟಿಕೆಟ್ ಕೊಂಡ ದಿನವೇ ಕ್ಯಾಲೆಂಡರಿನಲ್ಲಿ ಅರವತ್ತನೆಯ ದಿನಕ್ಕೆ ಗುರುತು ಹಾಕಿಡಿ. ಬೆಂಗಳೂರಿಗೆ ರಾತ್ರಿ ಪ್ರಯಾಣಕ್ಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ, ಬೆಳಗಾವಿಯಿಂದಲೇ ಹೊರಡುವ ಸೂಪರ್‌ಫಾಸ್ಟ್ ಗಾಡಿಯೂ ಇದೆ. 2025ರ ಆಗಸ್ಟ್‌ನಿಂದ ವಂದೇ ಭಾರತ್ ಕೂಡ ಓಡುತ್ತಿದೆ. ಆದರೆ ಹಗಲಿಡೀ ಕುಳಿತು ಪ್ರಯಾಣ ಮಾಡಿ ಸಂಜೆ ಮೈದಾನದಲ್ಲಿ ನಿಲ್ಲುವುದಕ್ಕಿಂತ, ರಾತ್ರಿ ಮಲಗಿಕೊಂಡು ಹೋಗಿ ಬೆಳಿಗ್ಗೆ ತಲುಪುವುದು ಮೈಗೆ ಹಿತ ಎಂಬುದು ನನ್ನ ಅನುಭವ. ಕಾರ್ಯಕ್ರಮ ಅರಮನೆ ಮೈದಾನದಲ್ಲಿದ್ದು ನಿಮ್ಮ ರೈಲು ಯಶವಂತಪುರದಲ್ಲಿ ನಿಲ್ಲುವುದಾದರೆ, ಮೆಜೆಸ್ಟಿಕ್ಕಿನವರೆಗೆ ಹೋಗದೆ ಅಲ್ಲಿಯೇ ಇಳಿಯಬಹುದು.

ಮರಳುವ ಪ್ರಯಾಣವನ್ನು ಅದೇ ರಾತ್ರಿಗೆ ಕಾಯ್ದಿರಿಸಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗಾಗಿ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ರಾಜ್ಯ ಸರ್ಕಾರ ಸಡಿಲಿಕೆ ಕೊಡಬಹುದು. ಹೀಗಾಗಿ ಹೊರಾಂಗಣದ ಕಾನ್ಸರ್ಟ್ ಸಾಮಾನ್ಯವಾಗಿ ಹತ್ತರ ಹೊತ್ತಿಗೆ ಮುಗಿಯುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಹನ್ನೊಂದರ ಸ್ಲೀಪರ್ ಬಸ್ಸು ಸಿಗಬೇಕು. ಆದರೆ ಹತ್ತಾರು ಸಾವಿರ ಜನ ನಾಲ್ಕೈದು ದ್ವಾರಗಳಿಂದ ಹೊರಬಿದ್ದು, ಎಲ್ಲರೂ ಒಟ್ಟಿಗೇ ಆಟೋ ಹುಡುಕುವಾಗ, ಆ ಬಸ್ಸು ಬಿಡುವ ಹೊತ್ತಿಗೆ ನೀವು ಇನ್ನೂ ಮೇಖ್ರಿ ವೃತ್ತದಲ್ಲಿಯೇ ನಿಂತಿರುತ್ತೀರಿ. ಕೊನೆಯ ಎರಡು ಹಾಡು ಬಿಟ್ಟು ಓಡಿದರೆ ಬಸ್ಸು ಸಿಗುತ್ತದೆ ನಿಜ, ಆದರೆ ತಂಡಗಳು ತಮ್ಮ ಅತ್ಯಂತ ಹೆಸರಾದ ಹಾಡುಗಳನ್ನು ಇಟ್ಟುಕೊಂಡಿರುವುದು ಆ ಕೊನೆಯ ಹತ್ತು-ಹದಿನೈದು ನಿಮಿಷಕ್ಕೇ. ಗೆಳೆಯರ ಕೋಣೆಯಲ್ಲೋ ಅಗ್ಗದ ಲಾಡ್ಜಿನಲ್ಲೋ ಒಂದು ರಾತ್ರಿ ಕಳೆದು ಬನ್ನಿ.

ಮೊದಲ ಸಲವೇ ಭಾರೀ ಮೈದಾನದ ಕಾರ್ಯಕ್ರಮಕ್ಕೆ ಹೋಗಬೇಕೆಂದೇನೂ ಇಲ್ಲ. ಕಾಲೇಜಿನ ಉತ್ಸವಕ್ಕೋ ಪುಣೆಯ ಚಿಕ್ಕ ಸಭಾಂಗಣಕ್ಕೋ ಬರುವ ನಮ್ಮ ದೇಶದ ತಂಡಗಳನ್ನು ಮೊದಲು ಕೇಳಿ. ಬೆಂಗಳೂರಿನಲ್ಲಿಯೇ 1990ರ ದಶಕದಿಂದ ನುಡಿಸುತ್ತಿರುವ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ಇದೆ, ಹೆವಿ ಮೆಟಲ್‌ಗೆ ಕ್ರಿಪ್ಟೋಸ್ ಇದೆ, ಜನಪದದ ದಾರಿಯಲ್ಲಿ ಬಂದ ಸ್ವರಾತ್ಮ ಇದೆ. ಶಿಶುನಾಳ ಶರೀಫರ ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡುವಾಗ, ಭಜನೆಯ ಮನೆಯಲ್ಲಿ ಬೆಳೆದ ನಮ್ಮ ಭಾಗದ ಹುಡುಗರಿಗೆ ರಾಕ್ ಪರಕೀಯ ಅನ್ನಿಸುವುದಿಲ್ಲ.

ಮನೆಯಲ್ಲಿ ಮಾಡುವ ಅಭ್ಯಾಸ

ಹೊರಡುವ ಒಂದು ತಿಂಗಳು ಮೊದಲಿನಿಂದ ಆ ತಂಡದ ಸ್ಟುಡಿಯೋ ಮುದ್ರಣಗಳನ್ನು ಪಕ್ಕಕ್ಕಿಟ್ಟು, ವೇದಿಕೆಯ ಮೇಲೆ ನುಡಿಸಿದ ಮುದ್ರಣಗಳನ್ನು ಕೇಳಿ. ಎರಡಕ್ಕೂ ಬಹಳ ಅಂತರವಿರುತ್ತದೆ. ವೇದಿಕೆಯ ಮೇಲೆ ಲಯ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ, ಗಿಟಾರಿನ ಏಕಾಂಗಿ ಭಾಗ ಉದ್ದವಾಗುತ್ತದೆ, ಗಾಯಕರು ಕಷ್ಟದ ಸಾಲುಗಳನ್ನು ಜನರಿಗೆ ಬಿಟ್ಟುಕೊಡುತ್ತಾರೆ. ಹಲವು ಹಳೆಯ ತಂಡಗಳು ಶ್ರುತಿಯನ್ನೂ ಇಳಿಸಿಕೊಳ್ಳುತ್ತವೆ. ಮೆಟಾಲಿಕಾದವರು 1990ರ ದಶಕದ ನಡುವಿನಿಂದ ವೇದಿಕೆಯ ಮೇಲೆ ಅರ್ಧ ಸ್ವರ ಕೆಳಗೆ ನುಡಿಸುತ್ತ ಬಂದಿದ್ದಾರೆ. ವಯಸ್ಸಾದಂತೆ ಹಾಡುವವರ ಪಟ್ಟಿ ಇಳಿಯುವುದು ಹಾರ್ಮೋನಿಯಂ ಇರುವ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿಯ ಮಗ್ಗುಲಲ್ಲಿರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಇನ್ನೊಂದು ಅಭ್ಯಾಸವೂ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಒಂದೇ ಹಾಡನ್ನು ನಾಲ್ಕು ಸಲ ಕೇಳಿ. ಮೊದಲ ಸಲ ಡ್ರಮ್ಮನ್ನು ಮಾತ್ರ, ಎರಡನೆಯ ಸಲ ಬೇಸ್ ಗಿಟಾರನ್ನು ಮಾತ್ರ, ಮೂರನೆಯ ಸಲ ಹಿಂದೆ ನಿಂತು ಒಂದೇ ಸಮನೆ ನುಡಿಸುವ ಗಿಟಾರನ್ನು, ಕೊನೆಗೆ ಗಾಯನವನ್ನು ಹಿಂಬಾಲಿಸಿ. ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ ಎಂದು ದೂರುವವರು ಹೀಗೆ ಒಂದು ವಾರ ಮಾಡಿದರೆ ಸಾಕು. ಮೈದಾನದ ಗದ್ದಲದಲ್ಲಿ ಎಲ್ಲವೂ ಒಂದೇ ಮುದ್ದೆಯಾಗಿ ಬಂದು ಬಡಿಯುವಾಗ, ಅದರೊಳಗಿನ ಒಂದು ಎಳೆಯನ್ನು ಹಿಡಿದು ನಿಲ್ಲುವುದಕ್ಕೆ ಈ ಅಭ್ಯಾಸ ನೆರವಾಗುತ್ತದೆ.

ಬೂಚ

ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಕಿವಿಯ ವಿಷಯ. ನಮ್ಮ ಕಾಕಾ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಎರಕದ ಅಂಚುಗಳನ್ನು ಉಜ್ಜಿ ತೆಗೆಯುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಮೊದಲ ಎಂಟು-ಹತ್ತು ವರ್ಷ ಅವರು ಕಿವಿಗೆ ಏನನ್ನೂ ಹಾಕಿಕೊಳ್ಳಲಿಲ್ಲ. ಆಮೇಲೆ ಕಂಪನಿಯವರು ಕಿವಿ ಮುಚ್ಚುವ ಬೂಚ ಕೊಟ್ಟರೂ ಅಷ್ಟು ಹೊತ್ತಿಗೆ ತಡವಾಗಿತ್ತು. ಮೆಟಾಲಿಕಾ ಕೇಳಿ ಬಂದ ಮರುದಿನ ಅವರು ಕೇಳಿದ ಮಾತಿಗೆ ನಾನು ಎರಡು ಸಲ “ಏನಂದ್ರಿ ಕಾಕಾ?” ಎಂದಾಗ ಅವರು ನನ್ನ ಮುಖವನ್ನೇ ನೋಡಿದರು. ಯಾರ ಮಾತಿಗಾದರೂ ಹೀಗೆ ಉತ್ತರ ಕೊಡುವವರು ಅಲ್ಲಿಯವರೆಗೆ ಮನೆಯಲ್ಲಿ ಅವರೊಬ್ಬರೇ ಇದ್ದರು. ಮುಂದಿನ ಕಾನ್ಸರ್ಟಿಗೆ ನಾನು ಹೊರಟಾಗ ಅಂಗಿಯ ಜೇಬಿನಿಂದ ಕಿತ್ತಳೆ ಬಣ್ಣದ, ದಾರ ಕಟ್ಟಿದ ಎರಡು ಫೋಮ್ ತುಂಡು ತೆಗೆದು ಕೈಯಲ್ಲಿಟ್ಟು, “ಇವನ್ನ ಕಿವ್ಯಾಗ ಬೂಚ ಹಾಕ್ಕೊಂಡ ನಿಂದ್ರವಾ, ಹಾಡ ಎಲ್ಲೂ ಓಡಿ ಹೋಗಂಗಿಲ್ಲ” ಎಂದರು.

ರಾಕ್ ಕಾನ್ಸರ್ಟಿನಲ್ಲಿ 100 ಡೆಸಿಬಲ್ ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯೋಶ್ ಕಾರ್ಖಾನೆಗಳಿಗೆ ಕೊಟ್ಟಿರುವ ಮಿತಿಯ ಪ್ರಕಾರ 85 ಡೆಸಿಬಲ್ ಸದ್ದಿನಲ್ಲಿ ಎಂಟು ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು ಗಂಟೆ, ಹೀಗೆ ಇಳಿಯುತ್ತ 100ಕ್ಕೆ ಬಂದಾಗ ಉಳಿಯುವುದು ಹದಿನೈದು ನಿಮಿಷ ಮಾತ್ರ. ಮೊದಲ ತಂಡ ಎರಡನೆಯ ಹಾಡು ಮುಗಿಸಿ ಮೂರನೆಯದನ್ನು ಎತ್ತಿಕೊಳ್ಳುವಷ್ಟರಲ್ಲಿ ನಿಮ್ಮ ಆ ದಿನದ ಪಾಲು ತೀರಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬಲ್‌ನ ಮೇಲ್ಮಿತಿಯನ್ನು ಶಿಫಾರಸು ಮಾಡಿತು. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕಿವಿ ಗುಂಯ್‌ಗುಡುವುದನ್ನು ಒಳ್ಳೆಯ ಕಾನ್ಸರ್ಟಿನ ಗುರುತೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗೆಳೆಯರು ನನಗೂ ಇದ್ದಾರೆ. ಅವರ ಜೊತೆ ವಾದಿಸುವುದನ್ನು ಬಿಟ್ಟು, ಹೆಚ್ಚುವರಿ ಒಂದು ಜೊತೆ ಬೂಚ ಒಯ್ಯುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಬೂಚ ಹಾಕಿಕೊಳ್ಳುವುದರಲ್ಲಿಯೂ ಒಂದು ಕ್ರಮವಿದೆ. ಫೋಮಿನ ತುಂಡನ್ನು ಶುಚಿಯಾದ ಬೆರಳುಗಳ ನಡುವೆ ಊದುಬತ್ತಿ ಹೊಸೆಯುವಂತೆ ತೆಳ್ಳಗೆ, ನೆರಿಗೆ ಬೀಳದಂತೆ ಹೊಸೆಯಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿದರೆ ಕಿವಿಯ ದಾರಿ ನೇರವಾಗುತ್ತದೆ. ಆಗ ಒಳಗೆ ಸರಿಸಿ, ಫೋಮ್ ಉಬ್ಬಿಕೊಳ್ಳುವವರೆಗೆ ಇಪ್ಪತ್ತು-ಮೂವತ್ತು ಎಣಿಸುತ್ತ ಬೆರಳಿನಿಂದ ಒತ್ತಿ ಹಿಡಿಯಬೇಕು. ನಿಮ್ಮದೇ ದನಿ ಕೊಡದೊಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ. ಹೊರಗೆ ಅರ್ಧ ಚಾಚಿಕೊಂಡಿರುವ ಬೂಚದಿಂದ ಹೆಚ್ಚಿನ ಉಪಯೋಗವಿಲ್ಲ. ಫೋಮ್ ತಾರಸ್ವರಗಳನ್ನು ಹೆಚ್ಚು ತಡೆಯುವುದರಿಂದ ಗಿಟಾರ್ ಸ್ವಲ್ಪ ಮಂಕಾಗಿ ಕೇಳುತ್ತದೆ. ಅದು ಬೇಸರ ತರಿಸಿದರೆ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಸಿಲಿಕೋನ್ ಬೂಚಗಳು ಸಿಗುತ್ತವೆ. ಬೆಲೆ ಹೆಚ್ಚಾದರೂ ಹಲವು ವರ್ಷ ಬಾಳುತ್ತವೆ. ಹತ್ತಿಯ ಉಂಡೆ ತುರುಕಿಕೊಳ್ಳುವುದು ಮನಸ್ಸಿನ ಸಮಾಧಾನಕ್ಕೆ ಮಾತ್ರ.

ಉಡುಗೆ, ಊಟ, ಜೇಬು

ಕಪ್ಪು ಟೀ-ಶರ್ಟು ಹಾಕಿಕೊಳ್ಳಲೇಬೇಕೆಂಬ ನಿಯಮವೇನೂ ಇಲ್ಲ, ಹಾಕಿಕೊಳ್ಳುವುದಾದರೆ ಹತ್ತಿಯದಿರಲಿ. ಶೂ ಮಾತ್ರ ಮುಚ್ಚಿದ್ದು, ಹಳೆಯದು, ಲೇಸ್ ಬಿಗಿಯಾದದ್ದು ಬೇಕು. ಚಪ್ಪಲಿಯಲ್ಲಿ ಬಂದವರು ಮೊದಲ ಹಾಡಿನಲ್ಲಿಯೇ ಒಂದನ್ನು ಕಳೆದುಕೊಂಡು ಕುಂಟುವುದನ್ನು ಪ್ರತಿ ಸಲವೂ ನೋಡುತ್ತೇನೆ. ಉದ್ದ ಕೂದಲಿದ್ದವರು ಬಿಗಿಯಾಗಿ ಕಟ್ಟಿಕೊಳ್ಳಿ. ಕಿವಿಯ ದೊಡ್ಡ ರಿಂಗು, ಮೂಗುತಿ, ಸರ ಎಲ್ಲವನ್ನೂ ಊರಿನಲ್ಲಿಯೇ ಬಿಟ್ಟು ಬನ್ನಿ. ಬ್ಯಾಗು ತರದಿರುವುದೇ ಲೇಸು, ಏಕೆಂದರೆ ಬಹಳಷ್ಟು ಕಡೆ ದ್ವಾರದಲ್ಲಿ ದೊಡ್ಡ ಬ್ಯಾಗು, ಪವರ್ ಬ್ಯಾಂಕು, ಲೈಟರು, ನೀರಿನ ಬಾಟಲಿಗಳನ್ನು ಒಳಗೆ ಬಿಡುವುದಿಲ್ಲ, ಹೊರಗೆ ಇಡಲು ಜಾಗವೂ ಇರುವುದಿಲ್ಲ. ಟಿಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಓದಿಕೊಂಡೇ ಹೊರಡಿ. ವಯಸ್ಸಿನ ಮಿತಿಯೂ ಅಲ್ಲಿಯೇ ಇರುತ್ತದೆ. ಗುರುತಿನ ಚೀಟಿ, ಸ್ವಲ್ಪ ನಗದು, ಪೂರ್ತಿ ಚಾರ್ಜ್ ಆದ ಫೋನು, ಬೂಚ, ಇಷ್ಟು ಮುಂದಿನ ಜೇಬಿನಲ್ಲಿರಲಿ.

ಊಟವನ್ನು ದ್ವಾರ ತೆರೆಯುವ ಎರಡು-ಮೂರು ಗಂಟೆ ಮೊದಲು ಮುಗಿಸಿ. ರೈಲಿನಲ್ಲಿ ತಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಆಗ ಬಲು ಒಳ್ಳೆಯದು. ಸಾಲಿನಲ್ಲಿ ನಿಂತಾಗ ತಿನ್ನಲು ಗೋಕಾಕದ ಕರದಂಟಿಗಿಂತ ಒಳ್ಳೆಯ ತಿನಿಸನ್ನು ನಾನು ಕಂಡಿಲ್ಲ; ಬೆಲ್ಲ, ಅಂಟು, ಒಣಹಣ್ಣು ಸೇರಿದ ಎರಡು ತುಂಡು ಮೂರು ಗಂಟೆ ಹಸಿವೆ ತಡೆಯುತ್ತವೆ. ಕುಂದಾವನ್ನು ಮಾತ್ರ ಬೆಂಗಳೂರಿನ ಗೆಳೆಯರಿಗೆಂದು ಡಬ್ಬಿಯಲ್ಲಿ ತಂದು, ದ್ವಾರದಲ್ಲಿ ಕಾವಲಿನವರ ಕೈಗೆ ಒಪ್ಪಿಸಿ ಒಳಗೆ ಹೋದ ಅನುಭವ ನನ್ನದು. ಅವರಿಗೆ ಅದು ಬಹಳ ಹಿಡಿಸಿತೆಂದು ಆಮೇಲೆ ತಿಳಿಯಿತು. ನೀರನ್ನು ಹಿಂದಿನ ದಿನದಿಂದಲೇ ಚೆನ್ನಾಗಿ ಕುಡಿಯಿರಿ. ಶೌಚಕ್ಕೆ ಹೋಗಬೇಕಾಗುತ್ತದೆಂದು ಹೆದರಿ ನೀರು ಬಿಡುವ ಹೆಣ್ಣುಮಕ್ಕಳೇ ಹೆಚ್ಚಾಗಿ ತಲೆಸುತ್ತಿ ಬೀಳುವುದು; ಮೊದಲ ತಂಡಕ್ಕೂ ಮುಖ್ಯ ತಂಡಕ್ಕೂ ನಡುವಿನ ಅರ್ಧ ಗಂಟೆಯ ಬಿಡುವಿನ ಬದಲು, ಮೊದಲ ತಂಡದ ಕೊನೆಯ ಹಾಡಿನ ಹೊತ್ತಿಗೆ ಹೋದರೆ ಸಾಲು ಚಿಕ್ಕದಿರುತ್ತದೆ.

ದ್ವಾರ ಮತ್ತು ಜನ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭರತ ಹುಣ್ಣಿಮೆಗೆ ಹೋದಾಗ ನಮ್ಮವ್ವ ಬಂಡಿ ಇಳಿದೊಡನೆ ಒಂದು ಕಂಬ ತೋರಿಸಿ, “ತಪ್ಪಿಸ್ಕೊಂಡ್ರ ಇದರ ಹಂತೇಕ ಬಂದು ನಿಂದ್ರು, ಹುಡುಕ್ಕೋತ ತಿರಗಬ್ಯಾಡ” ಎನ್ನುತ್ತಿದ್ದರು. ಕಾನ್ಸರ್ಟಿನಲ್ಲಿಯೂ ಇದನ್ನೇ ಮಾಡಬೇಕು. ಸಾವಿರಾರು ಜನ ಒಂದೇ ಕಡೆ ಸೇರಿದಾಗ ಫೋನಿನ ಸಂಪರ್ಕ ಸತ್ತೇ ಹೋಗುತ್ತದೆ. ಒಳಗೆ ಕಾಲಿಟ್ಟೊಡನೆ ಅಲುಗಾಡದ ಒಂದು ಗುರುತನ್ನು ಗೊತ್ತುಮಾಡಿ. ವೈದ್ಯರ ಡೇರೆಯ ಪಕ್ಕವಾದರೆ ಇನ್ನೂ ಒಳ್ಳೆಯದು. ಹಾಗೆಯೇ ನೀವು ಬಂದ ದ್ವಾರವಲ್ಲದೆ ಬೇರೆ ಎರಡು ಹೊರದಾರಿಗಳನ್ನು ನೋಡಿಟ್ಟುಕೊಳ್ಳಿ.

ಜನಸಂದಣಿಯ ಅಪಾಯ ವೇದಿಕೆಯ ಮುಂದೆ ಮಾತ್ರ ಇದೆ ಎಂದು ಹಲವರು ತಿಳಿದಿದ್ದಾರೆ. 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ ಪರ್ಲ್ ಜ್ಯಾಮ್ ತಂಡ ನುಡಿಸುತ್ತಿದ್ದಾಗ ಒಂಬತ್ತು ಮಂದಿ ಸತ್ತದ್ದು ವೇದಿಕೆಯ ಮುಂದೆಯೇ. ಆದರೆ 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಬಿಟ್ಟದ್ದು ಹೊರಗೆ, ದ್ವಾರಗಳ ಬಳಿ. ಆದ್ದರಿಂದ ದ್ವಾರ ತೆರೆಯುವ ಕ್ಷಣದಲ್ಲಿ ಓಡುವ ಗುಂಪಿನಲ್ಲಿ ಸೇರಬೇಡಿ. ಹತ್ತು ನಿಮಿಷ ತಡವಾಗಿ ನಡೆದು ಹೋಗಿ. ಜನ ಒತ್ತಾಗುತ್ತಿರುವುದನ್ನು ಅಳೆಯಲು ಸುಲಭದ ದಾರಿಯೊಂದಿದೆ. ಕೈಯನ್ನು ಎತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿದ್ದರೆ ಚಿಂತೆಯಿಲ್ಲ. ಎಲ್ಲ ದಿಕ್ಕಿನಿಂದಲೂ ಮೈಗೆ ಮೈ ತಗುಲಿ, ನೀವು ಹೆಜ್ಜೆ ಇಡದೆಯೇ ಗುಂಪು ನಿಮ್ಮನ್ನು ಸರಿಸತೊಡಗಿದರೆ, ಆಗಲೇ ಹೊರಡಬೇಕು. ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಿ, ಕೂಗಿ ಉಸಿರು ಕಳೆಯಬೇಡಿ, ನೂಕಿಗೆ ಎದುರಾಗಿ ತಳ್ಳಬೇಡಿ. ನೂಕು ಬಂದಾಗ ಅದರೊಂದಿಗೆ ಹೋಗಿ, ಅದು ತಗ್ಗಿದ ಗಳಿಗೆಯಲ್ಲಿ ಓರೆಯಾಗಿ ಅಂಚಿನ ಕಡೆಗೆ ಎರಡು ಹೆಜ್ಜೆ ಸರಿಯಿರಿ. ಹೊಳೆಯ ಸೆಳವಿನಿಂದ ದಡಕ್ಕೆ ಬರುವುದೂ ಹೀಗೆಯೇ. ಕೆಳಗೆ ಬಿದ್ದ ಫೋನಿಗಾಗಿ ಬಗ್ಗಬೇಡಿ.

ಬ್ಯಾರಿಕೇಡನ್ನು ತಳ್ಳುವವರಿಗೆ ನೆನಪಿರಲಿ: 2011ರಲ್ಲಿ ಬೆಂಗಳೂರಿಗೆ ಎರಡು ದಿನ ಮೊದಲು ಗುರುಗ್ರಾಮದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ವೇದಿಕೆಯ ಮುಂದಿನ ಆ ತಡೆಯ ಸಮಸ್ಯೆಯಿಂದಲೇ ನಿಂತುಹೋಯಿತು. ಅಷ್ಟು ದೂರದಿಂದ ಬಂದವರು ಒಂದು ಸ್ವರವನ್ನೂ ಕೇಳದೆ ಮರಳಿದರು.

ಎಲ್ಲಿ ನಿಲ್ಲಬೇಕು

ಮೊದಲ ಸಲ ನಾನು ಮಾಡಿದ ತಪ್ಪಿಗೆ ಈಗ ಬರುತ್ತೇನೆ. ಮೈದಾನಕ್ಕೆ ಹಾಡನ್ನು ತಲುಪಿಸುವುದು ವೇದಿಕೆಯ ಎರಡೂ ಬದಿಗೆ ಮೇಲೆ ತೂಗುಹಾಕಿದ ಸ್ಪೀಕರುಗಳ ಸಾಲು. ಅವು ನಿಮ್ಮ ತಲೆಯ ಮೇಲಿನಿಂದ ಹಿಂದಿನವರತ್ತ ಮುಖಮಾಡಿರುತ್ತವೆ. ಆದ್ದರಿಂದ ತೀರ ಮುಂದೆ ನಿಂತವರಿಗೆ ಡ್ರಮ್ಮಿನ ನೇರ ಪೆಟ್ಟು, ನೆಲದ ಮೇಲಿಟ್ಟ ಸಬ್‌ವೂಫರಿನ ಗುಡುಗು ಇವೇ ಹೆಚ್ಚಾಗಿ ಬಂದು, ಗಾಯಕನ ದನಿ ಮುಳುಗಿಹೋಗುತ್ತದೆ. ತುಂಬ ಹಿಂದೆ ಹೋದರೆ ಇನ್ನೊಂದು ತೊಂದರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, ನೂರು ಮೀಟರ್ ಹಿಂದೆ ನಿಂತವರಿಗೆ ಪರದೆಯ ಮೇಲೆ ಡ್ರಮ್ಮಿಗೆ ಕೋಲು ಬಿದ್ದ ಮೇಲೆ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ತಡವಾಗಿ ಪೆಟ್ಟು ಕೇಳಿಸುತ್ತದೆ.

ಮೈದಾನದ ನಡುವೆ, ವೇದಿಕೆಗೆ ನೇರವಾಗಿ ಒಂದು ಡೇರೆ ಹಾಕಿ ದೊಡ್ಡ ಮಿಕ್ಸರ್ ಇಟ್ಟುಕೊಂಡು ಒಬ್ಬ ಧ್ವನಿ ತಂತ್ರಜ್ಞ ಕುಳಿತಿರುತ್ತಾನೆ. ಪ್ರತಿ ವಾದ್ಯದ ಸದ್ದನ್ನೂ ಅವನು ಹದಗೊಳಿಸುವುದು ತಾನು ಕುಳಿತ ಜಾಗದಲ್ಲಿ ತನ್ನ ಕಿವಿಗೆ ಬಿದ್ದದ್ದರ ಮೇಲೆ. ಅಂದ ಮೇಲೆ ಇಡೀ ಮೈದಾನದಲ್ಲಿ ಹಾಡು ಚೆನ್ನಾಗಿ ಕೇಳುವ ಜಾಗ ಆ ಡೇರೆಯ ಆಸುಪಾಸು. ಅದರ ಮುಂದೆ ಐದಾರು ಮೀಟರ್ ದೂರದಲ್ಲಿ ನಿಂತರೆ ಬೇಸ್ ಗಿಟಾರಿನ ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಬರುತ್ತದೆ. ಡೇರೆಗೆ ಬೆನ್ನು ಕೊಟ್ಟು ನಿಂತರೆ ಹಿಂದಿನಿಂದ ನೂಕುವವರೂ ಇರುವುದಿಲ್ಲ. ಮುಖ ನೋಡಲೇಬೇಕೆಂಬ ಆಸೆ ಇದ್ದವರು ಒಂದು ಸಲ ಮುಂದೆ ನಿಂತು ಆ ಹರಕೆ ತೀರಿಸಿಕೊಳ್ಳಲಿ, ಅದು ತಪ್ಪಲ್ಲ. ಕೇಳಲು ಹೋದವರು ನಡುವೆ ನಿಲ್ಲಬೇಕು.

ಮೊದಲ ತಂಡವನ್ನು ಬಿಡಬೇಡಿ. ನಿಮ್ಮ ಕಿವಿಯೂ ತಂತ್ರಜ್ಞನ ಕೈಯೂ ಮೈದಾನಕ್ಕೆ ಹೊಂದಿಕೊಳ್ಳುವುದು ಆ ಹೊತ್ತಿನಲ್ಲಿಯೇ. ಆಮೇಲಿನ ಬಿಡುವಿನಲ್ಲಿ ಕಪ್ಪು ಬಟ್ಟೆಯ ಕೆಲಸಗಾರರು ಬಂದು ಡ್ರಮ್ಮುಗಳನ್ನು ಒಂದೊಂದಾಗಿ ಬಡಿದು, ಗಿಟಾರಿನ ತಂತಿ ಮೀಟಿ, ಮೈಕಿನಲ್ಲಿ “ಒನ್, ಟೂ” ಎಂದು ಎಣಿಸುತ್ತಾರೆ. ನನಗಂತೂ ಇದು ಬಯಲಾಟಕ್ಕೆ ಮೊದಲು ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ಇಣುಕಿ ನೋಡಿದಷ್ಟೇ ಖುಷಿ ಕೊಡುತ್ತದೆ.

ಮುಖ್ಯ ತಂಡ ಬಂದೊಡನೆ ಮುಂದಿನ ನಡುಭಾಗದಲ್ಲಿ ಜನ ಸರಿದು ಒಂದು ವೃತ್ತ ತೆರೆದುಕೊಂಡರೆ ಅದು ಮಾಷ್ ಪಿಟ್, ಮೈಗೆ ಮೈ ಡಿಕ್ಕಿ ಹೊಡೆಯುತ್ತ ಕುಣಿಯುವ ಜಾಗ. ಹೊರಗಿನವರಿಗೆ ಅದು ಹೊಡೆದಾಟದಂತೆ ಕಾಣುತ್ತದೆ. ಮೊಹರಂನಲ್ಲಿ ಅಲಾಯಿ ಕುಣಿಯ ಸುತ್ತ ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ ಸುತ್ತುವವರನ್ನು ನೋಡಿದ ನಮ್ಮ ಭಾಗದವರಿಗೆ ಅದರ ಒಳಗುಟ್ಟು ಬೇಗ ತಿಳಿಯುತ್ತದೆ. ಅಲ್ಲಿಯೂ ಕಟ್ಟುಪಾಡುಗಳಿವೆ: ಮೊಣಕೈ ಎತ್ತಬಾರದು, ಒಲ್ಲದವರನ್ನು ಎಳೆಯಬಾರದು, ಬಿದ್ದವರನ್ನು ಸುತ್ತಲಿದ್ದವರೆಲ್ಲ ಕುಣಿತ ನಿಲ್ಲಿಸಿ ಎತ್ತಬೇಕು. ಪುಣೆಯಲ್ಲಿ ಒಮ್ಮೆ ನನ್ನ ಪಕ್ಕದ ಹುಡುಗನ ಕನ್ನಡಕ ಹಾರಿಹೋಯಿತು. ಎರಡನೆಯ ಚರಣ ಮುಗಿಯುವಷ್ಟರಲ್ಲಿ ನಾಲ್ಕಾರು ತಲೆಗಳಾಚೆ, ಬೆವರಿನಿಂದ ತೊಯ್ದ ಒಂದು ಕೈ ಆ ಕನ್ನಡಕವನ್ನು ಎತ್ತಿ ಹಿಡಿದು ನಿಂತಿತ್ತು. ಒಡೆಯನು ಬರುವವರೆಗೆ ಆ ಕೈ ಕೆಳಗಿಳಿಯಲಿಲ್ಲ. ಒಂದು ಗಾಜು ಮಾತ್ರ ಬಿರುಕು ಬಿಟ್ಟಿತ್ತು. ಯಾರಾದರೂ ಗದ್ದಲದ ನೆವದಲ್ಲಿ ಕೆಟ್ಟದಾಗಿ ಕೈಯಾಡಿಸಿದರೆ ಸಹಿಸಿಕೊಂಡು ನಿಲ್ಲಬೇಡಿ. ಸುತ್ತಲಿನವರಿಗೆ ಗಟ್ಟಿಯಾಗಿ ಹೇಳಿ; ಬ್ಯಾರಿಕೇಡಿನ ಆಚೆ ನಿಂತ ಕಾವಲಿನವರಿಗೆ ಕೈ ಬೀಸಿದರೆ ಅವರು ಎತ್ತಿ ಹೊರಗೆ ತೆಗೆಯುತ್ತಾರೆ.

ಫೋನಿನಲ್ಲಿ ಒಂದೇ ಹಾಡು ಹಿಡಿದುಕೊಳ್ಳಿ, ಸಾಕು. ಅಷ್ಟು ದೊಡ್ಡ ಸದ್ದನ್ನು ಫೋನಿನ ಮೈಕು ತಾಳಲಾರದೆ ಹರಿದ ಕಾಗದದಂತೆ ಮುದ್ರಿಸುತ್ತದೆ, ಆಮೇಲೆ ಅದನ್ನು ನೀವೂ ಕೇಳುವುದಿಲ್ಲ. ತಲೆ ಆಡಿಸುವವರು ಕುತ್ತಿಗೆಯನ್ನಷ್ಟೇ ಕೊಡವದೆ ಸೊಂಟದಿಂದ ಬಾಗಿ ಆಡಿಸಿದರೆ ಮರುದಿನ ಎಡಬಲಕ್ಕೆ ನೋಡಬಹುದು. ತಂಡ ಕೈಮುಗಿದು ಒಳಗೆ ಹೋದ ಮೇಲೂ ಮೈದಾನದ ದೀಪ ಹತ್ತದಿದ್ದರೆ ಕದಲಬೇಡಿ, ಅವರು ಮತ್ತೆ ಬರುತ್ತಾರೆ. ದೀಪಗಳು ಹತ್ತಿ, ಸ್ಪೀಕರಿನಲ್ಲಿ ಬೇರೆ ಯಾರದ್ದೋ ಮುದ್ರಿತ ಹಾಡು ಬಂದರೆ ಮುಗಿಯಿತು.

ಮರಳಿ ಊರಿಗೆ

ಹೊರಗೆ ಬರುವಾಗ ಅವಸರ ಬೇಡ. ಗೊತ್ತುಮಾಡಿಕೊಂಡ ಗುರುತಿನ ಬಳಿ ಎಲ್ಲರೂ ಸೇರಿ, ನೀರು ಕುಡಿದು, ಅರ್ಧ ಗಂಟೆ ಕುಳಿತು ಹೊರಡಿ. ಒಂದು ಕಿಲೋಮೀಟರ್ ನಡೆದ ಮೇಲೆ ಆಟೋದವರ ದರವೂ ಇಳಿಯುತ್ತದೆ. ಬೂಚವನ್ನು ದ್ವಾರ ದಾಟಿದ ಮೇಲೆಯೇ ತೆಗೆಯಿರಿ. ಮರುದಿನದ ಪ್ರಯಾಣದಲ್ಲಿ ಅವೇ ಹಾಡುಗಳನ್ನು ಇಯರ್‌ಫೋನಿನಲ್ಲಿ ಮತ್ತೆ ಕೇಳಬೇಕೆನ್ನಿಸುವುದು ಸಹಜವೇ. ಆದರೆ ಕನಿಷ್ಠ ಒಂದು ದಿನ ಕಿವಿಗೆ ಬಿಡುವು ಕೊಡಿ. ರಾತ್ರಿ ಫ್ಯಾನು ನಿಲ್ಲಿಸಿ ಮಲಗಿದಾಗ ಗುಂಯ್‌ಗುಡುವುದು ಕೇಳಿಸಿದರೆ ಎರಡು ದಿನ ಕಾಯಬಹುದು. ಮೂರನೆಯ ದಿನವೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಂದವಾದಂತೆ ಅನ್ನಿಸಿದರೆ, ಮನೆಮದ್ದಿನ ಎಣ್ಣೆ ಹಾಕದೆ ಕಿವಿಯ ವೈದ್ಯರ ಬಳಿಗೆ ಹೋಗಬೇಕು.

ಫೋಮಿನ ಬೂಚ ಒಂದೆರಡು ಸಲದ ಬಳಕೆಗೆ ಮಾತ್ರ. ಬೆವರು ಹೀರಿ ಗಟ್ಟಿಯಾದದ್ದನ್ನು ಎಸೆದುಬಿಡಿ. ಕಾಕಾ ಕೊಟ್ಟ ಆ ಕಿತ್ತಳೆ ಜೊತೆಯನ್ನು ಮಾತ್ರ ನಾನು ಎಸೆಯಲಿಲ್ಲ. ಅದನ್ನು ಹಾಕಿಕೊಂಡು ಹೋದ ಕಾನ್ಸರ್ಟಿನಿಂದ ಮರಳಿ, ಬೆಳಗಿನ ಆರು ಗಂಟೆಗೆ ಬಾಗಿಲು ತಟ್ಟಿದಾಗ ಕಾಕಾ ಅಂಗಳದಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. “ಹೆಂಗಿತ್ತವಾ?” ಎಂದು ಕೇಳಿದರು. ಚಲೋ ಇತ್ತು, ಎಲ್ಲ ಕೇಳಿಸಿತು ಎಂದು ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ಬಲಗಿವಿಯನ್ನು ನನ್ನ ಕಡೆಗೆ ತಿರುಗಿಸಿದರು. ಹತ್ತಿರ ಹೋಗಿ, ಅದನ್ನೇ ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ.